ಸೋರುವ ಮುನ್ನ ಕೇಳಬೇಕಾದ ಪ್ರಶ್ನೆ

ಬೇಸಿಗೆ ಕಾಲಿಟ್ಟೊಡನೆ ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ಪುಟ್ಟದೊಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಇಂಥ ಘಟಕ ಕೊಳವೆ ಸೋರಿಕೆಯಿಂದಾಗಿ ಸ್ಥಗಿತಗೊಂಡಿದೆ, ದುರಸ್ತಿ ನಡೆದಿದೆ, ಒಂದೆರಡು ದಿನಗಳಲ್ಲಿ ಉತ್ಪಾದನೆ ಪುನರಾರಂಭವಾಗಲಿದೆ ಎಂಬಷ್ಟೇ ಅದರ ಸಾರ. ಓದುಗರಿಗೆ ಅದು ಲೋಡ್‌ಶೆಡ್ಡಿಂಗಿನ ಮುನ್ಸೂಚನೆ. ಕುತೂಹಲವೂ ಅಷ್ಟಕ್ಕೇ ಸೀಮಿತ. ಯಾವ ಕೊಳವೆ, ಅದೇಕೆ ಸೋರಿತು, ಸೋರುವ ಮೊದಲು ಅದನ್ನು ಯಾರಾದರೂ ನೋಡಿದ್ದರೇ, ನೋಡಿದ್ದರೆ ಯಾವ ಕಣ್ಣಿನಿಂದ ನೋಡಿದ್ದರು ಎಂಬ ಪ್ರಶ್ನೆಗಳು ಸುದ್ದಿಯ ಆಚೆಗೇ ಉಳಿಯುತ್ತವೆ. ಇಪ್ಪತ್ತಾರು ವರ್ಷಗಳನ್ನು ಕಾರ್ಖಾನೆಗಳ ಕೊಳವೆಗಳನ್ನು ಪರೀಕ್ಷಿಸುವುದರಲ್ಲೇ ಕಳೆದ ನನಗೆ ಆ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆನಿಸಿದೆ.

ಅದನ್ನು ಈಗ ಎತ್ತಲು ಕಾರಣವಿದೆ. ಬ್ರಿಟಿಷರ ಕಾಲದ 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ತಂದಿತು. 1948ರ ಕಾರ್ಖಾನೆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020ರಲ್ಲೇ ಅಂಗೀಕಾರವಾಗಿದ್ದರೂ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಉದ್ಯಮಿಗಳಿಗೆ ಅನುಕೂಲವಾಯಿತೇ, ಕಾರ್ಮಿಕರ ಹಕ್ಕು ಮೊಟಕಾಯಿತೇ ಎಂಬ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ, ನಡೆಯಬೇಕಾದದ್ದೇ. ಆದರೆ ಎರಡೂ ಕಾನೂನುಗಳು ತಾಂತ್ರಿಕ ವಿವರಗಳನ್ನು ನಿಯಮಗಳಿಗೆ ಬಿಟ್ಟಿವೆ. ಒಬ್ಬ ಕಾರ್ಮಿಕ ಸಂಜೆ ಸುರಕ್ಷಿತವಾಗಿ ಮನೆಗೆ ಮರಳುತ್ತಾನೆಯೇ ಇಲ್ಲವೇ ಎಂಬುದು ಬಹಳಷ್ಟು ಸಲ ತೀರ್ಮಾನವಾಗುವುದು ಆ ಮೂರನೆಯ ಹಂತದಲ್ಲಿ, ಯಾರೂ ಓದದ ಅನುಬಂಧಗಳಲ್ಲಿ.

ಉಷ್ಣ ವಿನಿಮಯಕ ಎಂಬ ಹೆಸರು ಪಠ್ಯಪುಸ್ತಕದ್ದು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಎಕ್ಸ್‌ಚೇಂಜರ್ ಎಂದೇ ಕರೆಯುತ್ತಾರೆ. ದೊಡ್ಡ ಉಕ್ಕಿನ ಪೀಪಾಯಿಯೊಂದನ್ನು ಅಡ್ಡ ಮಲಗಿಸಿದಂತೆ ಅದರ ರೂಪ. ಒಳಗೆ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಕೊಳವೆಗಳ ಕಟ್ಟು. ಕೊಳವೆಗಳ ಒಳಗೊಂದು ದ್ರವ, ಹೊರಗೊಂದು ದ್ರವ. ಒಂದರ ಬಿಸಿಯನ್ನು ಇನ್ನೊಂದು ಪಡೆಯಬೇಕು, ಆದರೆ ಎರಡೂ ಬೆರೆಯಕೂಡದು. ಮಂಡ್ಯ, ಬೆಳಗಾವಿಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸ ಕಾಯುವುದು ಹೀಗೆಯೇ. ಮಂಗಳೂರಿನ ತೈಲ ಶುದ್ಧೀಕರಣಾಗಾರದಲ್ಲಿ ಕಚ್ಚಾತೈಲ ಬಿಸಿಯೇರುವುದೂ ಹೀಗೆ. ಕಾಳಿ ನದಿಯ ದಡದ ಕೈಗಾದಲ್ಲಿ ರಿಯಾಕ್ಟರಿನಿಂದ ಬಂದ ಭಾರಜಲ ತನ್ನ ಬಿಸಿಯನ್ನು ಸಾಮಾನ್ಯ ನೀರಿಗೆ ಕೊಟ್ಟು ಹಬೆಯೆಬ್ಬಿಸುವುದೂ ಇಂಥ ಕೊಳವೆಗಳ ಮೂಲಕವೇ. ಬಿಸಿ ಸರಾಗವಾಗಿ ದಾಟಬೇಕಾದರೆ ಕೊಳವೆಯ ಗೋಡೆ ತೆಳ್ಳಗಿರಬೇಕು. ಸಾಮಾನ್ಯವಾಗಿ ಅದರ ದಪ್ಪ ಒಂದೆರಡು ಮಿಲಿಮೀಟರ್, ಅಷ್ಟೆ. ವಿಷವನ್ನೂ ನೀರನ್ನೂ, ವಿಕಿರಣವನ್ನೂ ಹಬೆಯನ್ನೂ, ಉರಿಯುವುದನ್ನೂ ಉರಿಸುವುದನ್ನೂ ಬೇರ್ಪಡಿಸಿ ಹಿಡಿದಿರುವುದು ಆ ತೆಳು ಗೋಡೆ.

ಈ ಗೋಡೆ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ? ಕೊಯ್ದು ನೋಡಿದರೆ ಖಚಿತವಾಗಿ ಗೊತ್ತಾಗುತ್ತದೆ, ಆದರೆ ಕೊಯ್ದ ಕೊಳವೆ ಮತ್ತೆ ಕೆಲಸಕ್ಕೆ ಬಾರದು. ಕೆಡಿಸದೆಯೇ ಒಳಗನ್ನು ಅರಿಯುವ ಈ ವಿದ್ಯೆಗೆ ನಾಶರಹಿತ ಪರೀಕ್ಷೆ ಎಂದು ಹೆಸರು. ವಿದ್ಯೆಯೇನೋ ಹಳೆಯದೇ. ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ಹೆಂಗಸರು ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ, ಕಿವಿಗೊಟ್ಟು, ಬಿರುಕಿದ್ದರೆ ಬದಿಗಿಡುತ್ತಿದ್ದುದು ಇದೇ. ಆದರೆ ಆ ಹೆಂಗಸು ಗಡಿಗೆಯನ್ನು ತಟ್ಟುತ್ತಾಳೆ, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸುತ್ತಾಳೆ, ಬದನೆಕಾಯಿಯನ್ನು ತಿರುಗಿಸಿ ಹುಳುವಿನ ತೂತು ಹುಡುಕುತ್ತಾಳೆ. ಎಲ್ಲದಕ್ಕೂ ಒಂದೇ ಪರೀಕ್ಷೆ ಮಾಡುವುದಿಲ್ಲ. ಯಾವ ವಸ್ತು ಹೇಗೆ ಕೆಡುತ್ತದೆ ಎಂಬುದು ಅವಳಿಗೆ ಮೊದಲೇ ಗೊತ್ತು. ನಮ್ಮ ಬಹುತೇಕ ಟೆಂಡರ್ ದಾಖಲೆಗಳಲ್ಲಿ ಕಾಣೆಯಾಗಿರುವುದು ಈ ತಿಳಿವಳಿಕೆ.

ಸ್ವಲ್ಪ ವಿವರಕ್ಕಿಳಿಯಲು ಓದುಗರ ಅನುಮತಿ ಬೇಡುತ್ತೇನೆ. ಕೊಳವೆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಎಡ್ಡಿ ಕರೆಂಟ್, ಅಂದರೆ ಸುಳಿವಿದ್ಯುತ್ತಿನ ವಿಧಾನ. ತಂತಿಸುರುಳಿಯಿರುವ ಬೆರಳುಗಾತ್ರದ ಪ್ರೋಬ್ ಒಂದನ್ನು ಕೊಳವೆಯೊಳಗೆ ತೂರಿಸಿ ಹಿಂದಕ್ಕೆ ಎಳೆಯುತ್ತಾರೆ. ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಕೊಳವೆಯ ಗೋಡೆಯಲ್ಲಿ ಸುಳಿಸುಳಿಯಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಗುಳಿ ಅಥವಾ ಬಿರುಕು ಎದುರಾದಲ್ಲಿ ಆ ಸುಳಿಯ ದಾರಿ ತಪ್ಪುತ್ತದೆ, ಪರದೆಯ ಮೇಲೆ ಗೆರೆ ಹೊರಳುತ್ತದೆ. ವೇಗ ಹೆಚ್ಚು, ಒಂದು ಪಾಳಿಯಲ್ಲಿ ನೂರಾರು ಕೊಳವೆ ಮುಗಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲ್, ಹಿತ್ತಾಳೆ, ಟೈಟಾನಿಯಂ ಮುಂತಾದ ಅಯಸ್ಕಾಂತಕ್ಕೆ ಅಂಟದ ಲೋಹಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಸುಲಭಕ್ಕೆ ಸಿಗದು. ಆದರೆ ಇದಕ್ಕೂ ಒಂದು ಕುರುಡಿದೆ. ಸಾಮಾನ್ಯ ಸುರುಳಿಯಲ್ಲಿ ಸುಳಿವಿದ್ಯುತ್ತು ಕೊಳವೆಯ ಸುತ್ತಲೂ ಬಳೆಯಂತೆ ಹರಿಯುತ್ತದೆ. ಬಿರುಕೂ ಅದೇ ದಿಕ್ಕಿನಲ್ಲಿ, ಬಳೆಯಂತೆಯೇ ಬಿದ್ದಿದ್ದರೆ ಸುಳಿ ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ಅಡ್ಡಿಯೇ ಎದುರಾಗುವುದಿಲ್ಲ. ಅಂಥ ಬಿರುಕನ್ನು ಹಿಡಿಯಲು ತಿರುಗುವ ಸುರುಳಿಯೋ ಹಲವು ಸುರುಳಿಗಳ ಸಾಲೋ ಬೇಕು. ಅದಕ್ಕೆ ಸಮಯ ಹೆಚ್ಚು ಅಥವಾ ಹಣ ಹೆಚ್ಚು.

ಕೊಳವೆ ಕಾರ್ಬನ್ ಸ್ಟೀಲಿನದ್ದಾದರೆ ಕಥೆಯೇ ಬೇರೆ. ಅಯಸ್ಕಾಂತಕ್ಕೆ ಅಂಟುವ ಆ ಲೋಹದಲ್ಲಿ ಸುಳಿವಿದ್ಯುತ್ತು ಗೋಡೆಯ ಒಳಮೈಯಲ್ಲೇ ಇಂಗಿಹೋಗುತ್ತದೆ. ಲೋಹದ ಕಾಂತಗುಣದ ಏರುಪೇರು ಎಬ್ಬಿಸುವ ಗದ್ದಲದಲ್ಲಿ ನಿಜವಾದ ದೋಷದ ದನಿ ಮುಳುಗಿಹೋಗುತ್ತದೆ. ಅಲ್ಲಿಗೆ ದೂರಕ್ಷೇತ್ರ ವಿಧಾನ ಬೇಕು. ಕೊಳವೆಯ ಎರಡು ಮೂರು ವ್ಯಾಸಗಳಷ್ಟು ಅಂತರದಲ್ಲಿ ಎರಡು ಸುರುಳಿಗಳನ್ನಿಟ್ಟು, ಗೋಡೆಯನ್ನು ದಾಟಿ ಹೊರಹೋಗಿ ಮತ್ತೆ ಗೋಡೆಯನ್ನು ದಾಟಿ ಒಳಬರುವ ಕ್ಷೇತ್ರವನ್ನು ಅಳೆಯುವ ಉಪಾಯವಿದು. ಒಟ್ಟಾರೆ ಸವೆತವನ್ನು ಇದು ಚೆನ್ನಾಗಿ ಹೇಳುತ್ತದೆ. ಸಾಸಿವೆ ಗಾತ್ರದ ಗುಳಿಗಳನ್ನು ತಪ್ಪಿಸಿಕೊಳ್ಳಲು ಬಿಡುತ್ತದೆ, ದೋಷ ಒಳಮೈಯದೋ ಹೊರಮೈಯದೋ ಎಂದು ಹೇಳಲಾರದು. ಅಲ್ಯೂಮಿನಿಯಂ ರೆಕ್ಕೆಗಳಿರುವ ಕೊಳವೆಗಳಲ್ಲಿ ಇದೂ ಸೋಲುತ್ತದೆ, ಅಲ್ಲಿ ಕಾಂತಪ್ರವಾಹದ ಸೋರಿಕೆಯನ್ನು ಹಿಡಿಯುವ ಮತ್ತೊಂದು ಸಲಕರಣೆ ಬೇಕು. ಇನ್ನು ಶ್ರವಣಾತೀತ ಧ್ವನಿಯ ಐರಿಸ್ ವಿಧಾನ. ಕೊಳವೆಯಲ್ಲಿ ನೀರು ತುಂಬಿಸಿ, ಪುಟ್ಟ ಕನ್ನಡಿಯೊಂದನ್ನು ತಿರುಗಿಸುತ್ತ ಗೋಡೆಯ ದಪ್ಪವನ್ನು ಸುತ್ತಲೂ ಅಳೆಯುವ ಇದರ ನಿಖರತೆಗೆ ಸಾಟಿಯಿಲ್ಲ. ಆದರೆ ಕೊಳವೆಯ ಒಳಮೈ ಲೋಹ ಕಾಣುವಷ್ಟು ಸ್ವಚ್ಛವಾಗಿರಬೇಕು, ವೇಗ ಆಮೆಯದು, ಬಿರುಕುಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ, ನೀರು ತುಂಬಿ ಒತ್ತಡ ಹೇರುವ ಹೈಡ್ರೋ ಟೆಸ್ಟ್. ಈ ಹೊತ್ತು ತೂತಿದೆಯೇ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರಿಸಬಲ್ಲದು. ಪರೀಕ್ಷೆ ಮುಗಿದ ಮೇಲೆ ನೀರನ್ನು ಪೂರ್ತಿ ಬಸಿದು ಒಣಗಿಸದಿದ್ದರೆ, ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಹೊಚ್ಚಹೊಸ ಸ್ಟೇನ್‌ಲೆಸ್ ಕೊಳವೆಯನ್ನೂ ಕೊರೆದುಹಾಕುವುದುಂಟು. ಪರೀಕ್ಷೆಯೇ ರೋಗ ತರುವ ಈ ವಿಪರ್ಯಾಸವನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಆದ್ದರಿಂದ ಯಾವ ವಿಧಾನ ಶ್ರೇಷ್ಠ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಈ ಕೊಳವೆ ಯಾವ ಲೋಹದ್ದು, ಒಳಗೂ ಹೊರಗೂ ಏನು ಹರಿಯುತ್ತದೆ, ಇದು ಕೆಡುವುದಾದರೆ ಹೇಗೆ ಕೆಡಬಲ್ಲದು ಎಂಬಲ್ಲಿಂದ ಯೋಚನೆ ಹೊರಡಬೇಕು. ಕ್ಲೋರೈಡ್ ಇರುವ ಬಿಸಿನೀರಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸವೆಯುವುದಿಲ್ಲ, ಬಿರಿಯುತ್ತದೆ. ಅಲ್ಲಿ ದಪ್ಪ ಅಳೆಯುವುದು ವ್ಯರ್ಥ. ಕಂಪನದಿಂದ ಕೊಳವೆ ತನ್ನ ಆಧಾರತಟ್ಟೆಗೆ ಉಜ್ಜಿ ಸವೆಯುತ್ತಿದ್ದರೆ, ಆ ತಟ್ಟೆಯ ನೆರಳಿನಲ್ಲೂ ನೋಡಬಲ್ಲ ವಿಧಾನ ಬೇಕು.

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ಸಹಿಯಿಂದ. ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ರಾಸಾಯನಿಕ ಕಾರ್ಖಾನೆಗೆ ವಾರ್ಷಿಕ ಶಟ್‌ಡೌನ್ ಹೊತ್ತಿನಲ್ಲಿ ಗುತ್ತಿಗೆ ಸಂಸ್ಥೆಯ ಪರವಾಗಿ ಹೋಗಿದ್ದೆ. ಕಾರ್ಬನ್ ಸ್ಟೀಲಿನ 840 ಕೊಳವೆಗಳ ಒಂದು ಕೂಲರ್. ಒಳಗೆ ತಣ್ಣೀರು, ಹೊರಗೆ ಬಿಸಿ ದ್ರಾವಕ. ಟೆಂಡರಿನಲ್ಲಿ ಎಡ್ಡಿ ಕರೆಂಟ್ ಪರೀಕ್ಷೆ ಎಂದು ಬರೆದಿತ್ತು; ಪಕ್ಕದ ಸ್ಟೇನ್‌ಲೆಸ್ ಕೂಲರಿನ ಟೆಂಡರಿನಿಂದ ಯಾರೋ ಸಾಲನ್ನು ನಕಲು ಮಾಡಿದ್ದರು. ಇದರಿಂದ ಇಲ್ಲಿ ಏನೂ ಕಾಣದೆಂದು ನಾನು ಹೇಳಿದೆ. ಖರೀದಿ ವಿಭಾಗದ ಅಧಿಕಾರಿ ಸಭ್ಯರೇ. "ನೋಡ್ರಿ ಸರ್, ಕಡಿಮೆ ದರದವರು ಒಪ್ಪಿ ಸಹಿ ಮಾಡ್ಯಾರ. ಈಗ ವಿಧಾನ ಬದಲು ಮಾಡಿದ್ರ ಆಡಿಟ್‌ನವರಿಗೆ ನಾ ಏನಂತ ಹೇಳ್ಲಿ?" ಎಂದರು. ದೂರಕ್ಷೇತ್ರದ ಸಲಕರಣೆ ತರಿಸಲು ನಾಲ್ಕು ದಿನ ಬೇಕಿತ್ತು, ಶಟ್‌ಡೌನ್ ಮುಗಿಯಲು ಮೂರೇ ದಿನ ಉಳಿದಿತ್ತು. ಕೊನೆಗೆ ಹೈಡ್ರೋ ಟೆಸ್ಟ್ ಮಾಡೋಣವೆಂದಾಯಿತು. ಮಾಡಿದೆವು. ಒಂದು ಹನಿ ಸೋರಲಿಲ್ಲ. ಪ್ರಮಾಣಪತ್ರಕ್ಕೆ ನಾನೇ ಸಹಿ ಹಾಕಿದೆ.

ನಲವತ್ತೊಂದನೆಯ ದಿನ ಬಿಸಿ ದ್ರಾವಕ ತಣ್ಣೀರಿಗೆ ನುಗ್ಗಿತು. ಏನಾಗಿದೆಯೆಂದು ನೋಡಲು ನೀರಿನ ಬದಿಯ ಡ್ರೇನ್ ವಾಲ್ವ್ ತೆರೆದ ಗುತ್ತಿಗೆ ಹೆಲ್ಪರ್ ಹುಡುಗನ ಮುಂಗೈ ಮೊಣಕೈವರೆಗೆ ಬೆಂದುಹೋಯಿತು. ಕಾರ್ಖಾನೆ ಹನ್ನೊಂದು ದಿನ ನಿಂತಿತು. ಒಡೆದ ಕೊಳವೆಯನ್ನು ಹೊರಗೆಳೆದು ಉದ್ದಕ್ಕೆ ಸೀಳಿದಾಗ, ಒಳಗೆ ಕಟ್ಟಿದ್ದ ಸುಣ್ಣದ ಪದರದಡಿ ಸಾಲುಸಾಲಾಗಿ ಗುಳಿಗಳು. ಒಂದು ತೂತಾಗಿತ್ತು, ಉಳಿದವು ಕಾಗದದಷ್ಟು ಗೋಡೆಯನ್ನು ಉಳಿಸಿಕೊಂಡು ಸರದಿಗೆ ಕಾದಿದ್ದವು. ನಾನು ಸಹಿ ಹಾಕಿದ ಪ್ರಮಾಣಪತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಆ ದಿನ ಕೊಳವೆ ಸೋರಿರಲಿಲ್ಲ ಎಂದು ಅದು ಹೇಳಿತ್ತು, ಸೋರಿರಲಿಲ್ಲ ನಿಜ. ಕೇಳಬಾರದಿದ್ದ ಪ್ರಶ್ನೆಗೆ ಸಿಕ್ಕ ಸರಿಯಾದ ಉತ್ತರ ಅದು.

ಇದು ಹಣವಿಲ್ಲದ, ತಂತ್ರಜ್ಞಾನವಿಲ್ಲದ ದೇಶದ ಸಮಸ್ಯೆ ಎಂದು ಯಾರಾದರೂ ಭಾವಿಸಿದರೆ ಅಮೆರಿಕದ ಇಂಡಿಯನ್ ಪಾಯಿಂಟ್ ಪರಮಾಣು ಸ್ಥಾವರದ ಕಥೆ ಕೇಳಬೇಕು. ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿಯ ದಡದಲ್ಲಿದ್ದ ಆ ಸ್ಥಾವರದ ಎರಡನೆಯ ಘಟಕದಲ್ಲಿ 2000ದ ಫೆಬ್ರುವರಿ 15ರಂದು ಹಬೆ ಉತ್ಪಾದಕದ ಒಂದು ಕೊಳವೆ ಬಿರಿಯಿತು. ನಿಮಿಷಕ್ಕೆ 500 ಲೀಟರಿಗೂ ಹೆಚ್ಚು ವಿಕಿರಣಯುಕ್ತ ನೀರು ಹಬೆಯ ಬದಿಗೆ ಹರಿಯಿತು. ಅದೃಷ್ಟಕ್ಕೆ ಹೊರಗಿನ ಜನರಿಗೆ ಅಪಾಯವಾಗಲಿಲ್ಲ. ನನ್ನಂಥವರ ನಿದ್ದೆ ಕೆಡಿಸುವುದು ಆಮೇಲೆ ಬಯಲಾದ ಸಂಗತಿ. ಆ ಕೊಳವೆಯನ್ನು 1997ರಲ್ಲಿ ಪರೀಕ್ಷಿಸಲಾಗಿತ್ತು. ಎಡ್ಡಿ ಕರೆಂಟಿನಿಂದಲೇ, ತಿರುಗುವ ಪ್ರೋಬಿನಿಂದಲೇ. ಹೇರ್‌ಪಿನ್ನಿನಂತೆ ಬಾಗುವ ಕೊಳವೆಯ ತುದಿಯಲ್ಲಿ ಬಿರುಕಿನ ಸುಳಿವು ಆ ದತ್ತಾಂಶದಲ್ಲಿಯೇ ಇತ್ತು. ಆದರೆ ಸಿಗ್ನಲಿನಲ್ಲಿದ್ದ ಗದ್ದಲದೊಳಗೆ ಅದು ಹುದುಗಿಹೋಗಿತ್ತು. ಅದೇ ವರ್ಷ ಇನ್ನೊಂದು ಕೊಳವೆಯ ಅಂಥದೇ ಬಾಗಿನಲ್ಲಿ ಬಿರುಕು ಪತ್ತೆಯಾಗಿತ್ತು. ಹೊಸ ಬಗೆಯ ಹಾನಿ ಶುರುವಾಗಿದೆ, ನಮ್ಮ ಕಣ್ಣಿಗೆ ಈ ಗದ್ದಲದಲ್ಲಿ ಅದು ಕಾಣಬಲ್ಲದೇ ಎಂದು ಅಲ್ಲಿಗೇ ನಿಂತು ಕೇಳಿಕೊಳ್ಳಬೇಕಿತ್ತು. ಸಂಸ್ಥೆ ಕೇಳಿಕೊಳ್ಳಲಿಲ್ಲ. ಅವಘಡದ ನಂತರ ಹೆಚ್ಚಿನ ಆವರ್ತನದ ಪ್ರೋಬ್ ತಂದು ನೋಡಿದಾಗ ಮತ್ತಷ್ಟು ಬಿರುಕುಗಳು ಕಾಣಿಸಿಕೊಂಡವು. ಬದಲಿ ಹಬೆ ಉತ್ಪಾದಕಗಳನ್ನು ಸ್ಥಾವರದ ಆವರಣದಲ್ಲೇ ವರ್ಷಗಳಿಂದ ಇರಿಸಿಕೊಂಡಿದ್ದರು ಎಂಬುದು ಈ ಪ್ರಕರಣದ ಇನ್ನೊಂದು ಮುಖ. ಅವುಗಳ ಅಳವಡಿಕೆ ಆದದ್ದು ಕೊಳವೆ ಬಿರಿದ ಮೇಲೆ.

ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಈ ಲೋಪಕ್ಕೆ ತನ್ನ ಶ್ರೇಣಿಯಲ್ಲಿ ಅತ್ಯಂತ ಗಂಭೀರವಾದ ಕೆಂಪು ಗುರುತು ನೀಡಿತು. ನಾನು ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತು ಬರೆಯಲು ಸಾಧ್ಯವಾಗಿರುವುದು ಆ ತನಿಖೆಯ ಪ್ರತಿ ವಿವರವೂ ಸಾರ್ವಜನಿಕವಾಗಿರುವುದರಿಂದ. ನಮ್ಮಲ್ಲಿ ಕಾರ್ಖಾನೆಯೊಂದರಲ್ಲಿ ಕೊಳವೆ ಬಿರಿದರೆ ತನಿಖಾ ವರದಿ ಕಡತದ ಹೊಟ್ಟೆ ಸೇರುವುದೇ ಹೆಚ್ಚು. ಪಕ್ಕದ ಜಿಲ್ಲೆಯ ಅದೇ ಬಗೆಯ ಕಾರ್ಖಾನೆ ಅದೇ ಪಾಠವನ್ನು ಮತ್ತೊಬ್ಬ ಹುಡುಗನ ಕೈ ಸುಟ್ಟು ಕಲಿಯಬೇಕಾಗುತ್ತದೆ.

ನಮ್ಮವರಿಗೆ ಈ ವಿದ್ಯೆ ಬಾರದೆಂದಲ್ಲ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಲ್ಲಿ ನಡೆದ ಕೆಲಸ ಜಗತ್ತಿನ ಮುಂಚೂಣಿಯದು. ಅದರ ಹಿಂದಿದ್ದ ಪ್ರಮುಖರಲ್ಲಿ ಒಬ್ಬರಾದ ಬಲದೇವ್ ರಾಜ್ ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದರು, 2018ರಲ್ಲಿ ತೀರಿಕೊಂಡರು. ಅಲ್ಲಿನ 500 ಮೆಗಾವಾಟ್ ವೇಗೋತ್ಪಾದಕ ರಿಯಾಕ್ಟರಿನ ಹಬೆ ಉತ್ಪಾದಕಗಳಲ್ಲಿ ಕೊಳವೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ದ್ರವ ಸೋಡಿಯಂ. ನೀರು ಸೋಡಿಯಂಗೆ ತಗುಲಿದರೆ ಏನಾಗುತ್ತದೆಂದು ಹೈಸ್ಕೂಲಿನ ಪ್ರಯೋಗಾಲಯ ನೆನಪಿರುವವರಿಗೆ ಹೇಳಬೇಕಿಲ್ಲ. ಒಂದು ಕೊಳವೆಯ ಸೂಜಿಮೊನೆಯ ತೂತು ಪಕ್ಕದ ಕೊಳವೆಗಳನ್ನೂ ಕೊರೆಯಬಲ್ಲದು. ರಷ್ಯಾದ ಬಿಎನ್-600 ರಿಯಾಕ್ಟರ್ ತನ್ನ ಆರಂಭದ ವರ್ಷಗಳಲ್ಲಿ ಇಂಥ ಸೋರಿಕೆಗಳನ್ನು ಹಲವು ಬಾರಿ ಕಂಡಿತ್ತು. ಕಲ್ಪಾಕ್ಕಂನ ಕೊಳವೆಗಳು ಒಂದೊಂದೂ ಸುಮಾರು 23 ಮೀಟರ್ ಉದ್ದ, ಕ್ರೋಮಿಯಂ ಮಾಲಿಬ್ಡಿನಂ ಬೆರೆತ ಉಕ್ಕಿನವು, ಅಂದರೆ ಅಯಸ್ಕಾಂತಕ್ಕೆ ಅಂಟುವಂಥವು. ವಿಜ್ಞಾನಿಗಳು ಅಲ್ಲಿಂದಲೇ ಹೊರಟರು. ಮಾಮೂಲಿ ಎಡ್ಡಿ ಕರೆಂಟ್ ನಡೆಯದು, ದೂರಕ್ಷೇತ್ರ ವಿಧಾನವೇ ಬೇಕು. ಸರಿ, ಕೊಳವೆಯ ಬಾಗಿನಲ್ಲಿ ಅದು ಹೇಗೆ ವರ್ತಿಸುತ್ತದೆ? ಹೊರಮೈಗೆ ಅಂಟಿ ಉಳಿದ ಸೋಡಿಯಂ ಕೂಡ ವಿದ್ಯುದ್ವಾಹಕವಾದ್ದರಿಂದ ಅದು ಹುಸಿ ಸಿಗ್ನಲ್ ಕೊಟ್ಟೀತೇ? ಒಂದೊಂದು ಪ್ರಶ್ನೆಗೂ ಮಾದರಿ ಕೊಳವೆ ಮಾಡಿ, ಕೃತಕ ದೋಷಗಳನ್ನು ಕೊರೆದು, ತಮ್ಮ ಕಣ್ಣನ್ನೇ ಮೊದಲು ಪರೀಕ್ಷಿಸಿಕೊಂಡರು. ಅಣುಶಕ್ತಿಯ ಆರ್ಥಿಕತೆಯ ಬಗ್ಗೆ ನನಗೆ ನನ್ನದೇ ಅನುಮಾನಗಳಿವೆ, ಅದು ಬೇರೆ ಚರ್ಚೆ. ಆದರೆ ವಿಧಾನದ ಆಯ್ಕೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಗಾಗಿ ನಾವು ಬೇರೆ ದೇಶಕ್ಕೆ ಹೋಗಬೇಕಿಲ್ಲ. ಆ ಶಿಸ್ತು ಕಲ್ಪಾಕ್ಕಂನ ಬೇಲಿ ದಾಟಿ ಒಂದು ಮಧ್ಯಮ ಗಾತ್ರದ ಔಷಧ ಕಾರ್ಖಾನೆಗೆ ಬರಲೇ ಇಲ್ಲ ಎಂಬುದು ನನ್ನ ದೂರು.

ಉದ್ಯಮದ ಕಡೆಯ ವಾದವನ್ನೂ ನ್ಯಾಯವಾಗಿ ಕೇಳಬೇಕು. ಶಟ್‌ಡೌನಿನ ಒಂದೊಂದು ದಿನಕ್ಕೂ ಲಕ್ಷಗಟ್ಟಲೆ, ಕೆಲವೆಡೆ ಕೋಟಿಗಟ್ಟಲೆ ನಷ್ಟ. ಎಲ್ಲ ಕೊಳವೆಗಳಿಗೂ ಎಲ್ಲ ಪರೀಕ್ಷೆಗಳನ್ನೂ ಮಾಡಿಸಿ ಎನ್ನುವುದು ತಜ್ಞನ ಹೇಡಿತನ, ತನ್ನ ತಲೆಯ ಮೇಲಿನ ಹೊಣೆ ಇಳಿಸಿಕೊಳ್ಳುವ ಉಪಾಯ. ಅಪಾಯ ಹೆಚ್ಚಿರುವಲ್ಲಿ ಹೆಚ್ಚು ನೋಡಿ, ಇಲ್ಲದಲ್ಲಿ ಕಡಿಮೆ ನೋಡಿ ಎಂಬ ಅಪಾಯಾಧಾರಿತ ತಪಾಸಣೆಯ ತತ್ವವನ್ನು ದೊಡ್ಡ ತೈಲ ಸಂಸ್ಥೆಗಳು ಒಪ್ಪಿಕೊಂಡಿರುವುದು ಸರಿಯಾಗಿಯೇ ಇದೆ. ಆದರೆ ಆ ಲೆಕ್ಕದ ತಳಪಾಯವೇ ತಪ್ಪಿದರೆ ಏನಾಗುತ್ತದೆಂಬುದನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನಾಕಾರ್ಟಿಸ್ ಪಟ್ಟಣ ಕಂಡಿದೆ. 2010ರ ಏಪ್ರಿಲ್ 2ರ ನಡುರಾತ್ರಿ ಕಳೆದ ಹೊತ್ತು, ಅಲ್ಲಿನ ಟೆಸೊರೊ ತೈಲ ಶುದ್ಧೀಕರಣಾಗಾರದಲ್ಲಿ 1970ರ ದಶಕದ ಆರಂಭದ ಉಷ್ಣ ವಿನಿಮಯಕವೊಂದರ ಹೊರಕವಚವೇ ಸೀಳಿ ಬೆಂಕಿ ಭುಗಿಲೆದ್ದಿತು. ಏಳು ಮಂದಿ ಸತ್ತರು. ಬಿಸಿ ಹೈಡ್ರೋಜನ್ ಕಾರ್ಬನ್ ಸ್ಟೀಲಿನೊಳಗೆ ಇಳಿದು, ಅದರೊಳಗಿನ ಇಂಗಾಲದೊಡನೆ ಕೂಡಿ, ಒಳಗೊಳಗೇ ಉಕ್ಕನ್ನು ಸಡಿಲಗೊಳಿಸಿತ್ತು. ಇಂತಿಷ್ಟು ಉಷ್ಣತೆಯ ಕೆಳಗೆ ಈ ಹಾನಿ ಆಗದು ಎಂದು ಉದ್ಯಮ ದಶಕಗಳಿಂದ ನಂಬಿದ್ದ ರೇಖೆಯೊಂದಿತ್ತು. ವಿನಿಮಯಕ ಆ ರೇಖೆಯ ಕೆಳಗಿದೆಯೆಂದು ಭಾವಿಸಿದ್ದರಿಂದ ಈ ಹಾನಿಗಾಗಿ ಅದನ್ನು ಪರೀಕ್ಷಿಸಿರಲೇ ಇಲ್ಲ. ಆ ದೇಶದ ರಾಸಾಯನಿಕ ಸುರಕ್ಷತಾ ಮಂಡಳಿ 2014ರ ತನ್ನ ವರದಿಯಲ್ಲಿ ನಮ್ಮ ವೃತ್ತಿಯವರಿಗೆ ಕಹಿಯಾದ ಮಾತೊಂದನ್ನು ಹೇಳಿತು: ಈ ಹಾನಿಯನ್ನು ಆರಂಭದಲ್ಲಿ ಪತ್ತೆಹಚ್ಚುವುದು ಅತಿ ಕಷ್ಟ, ಆದ್ದರಿಂದ ಪರೀಕ್ಷೆಯನ್ನು ನೆಚ್ಚುವುದಕ್ಕಿಂತ ಹೈಡ್ರೋಜನ್ನಿಗೆ ಜಗ್ಗದ ಮಿಶ್ರಲೋಹವನ್ನು ಬಳಸುವುದೇ ಲೇಸು. ವಿಧಾನದ ಆಯ್ಕೆಯಲ್ಲಿ ಇದೂ ಒಂದು ಆಯ್ಕೆಯೇ. ಯಾವ ಕಣ್ಣಿಗೂ ಸಕಾಲಕ್ಕೆ ಕಾಣದಂಥದನ್ನು ನೋಡುತ್ತ ಕೂರಬಾರದು, ಬದಲಿಸಬೇಕು ಎಂದು ಹೇಳುವ ಧೈರ್ಯವೂ ಪರೀಕ್ಷಕನಿಗೆ ಬೇಕು.

ಹಾಗಾದರೆ ನಿಯಮಗಳಲ್ಲಿ ಏನಿರಬೇಕು? ನನ್ನ ಬೇಡಿಕೆ ದೊಡ್ಡದಲ್ಲ. ಪ್ರಮಾಣಪತ್ರದ ಮೊದಲ ಪುಟದಲ್ಲಿಯೇ, ಈ ವಿನಿಮಯಕದಲ್ಲಿ ನಿರೀಕ್ಷಿತ ಹಾನಿ ಯಾವುದು, ಅದನ್ನು ಕಾಣಲು ಈ ವಿಧಾನವನ್ನೇ ಏಕೆ ಆರಿಸಲಾಯಿತು, ಈ ವಿಧಾನಕ್ಕೆ ಏನು ಕಾಣುವುದಿಲ್ಲ ಎಂಬ ಮೂರು ಮಾತುಗಳನ್ನು ಬರೆಯುವುದು ಕಡ್ಡಾಯವಾಗಲಿ. ಆ ಪುಟಕ್ಕೆ ಸಹಿ ಹಾಕುವವರು ಖರೀದಿ ವಿಭಾಗದವರಲ್ಲ, ಕಾರ್ಖಾನೆಯನ್ನು ನಡೆಸುವ ಎಂಜಿನಿಯರ್ ಆಗಿರಲಿ. ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯವಾದದ್ದು. ಏನು ಕಾಣಲಿಲ್ಲ ಎಂದು ಬರೆಯಲು ಒಪ್ಪದ ಪರೀಕ್ಷಕನನ್ನು ನಾನು ನಂಬುವುದಿಲ್ಲ. ಅಂಥದೊಂದು ಸಾಲು ನನ್ನ ಆ ಪ್ರಮಾಣಪತ್ರದಲ್ಲಿದ್ದಿದ್ದರೆ, 'ಗೋಡೆಯ ಉಳಿದ ದಪ್ಪವನ್ನು ಅಳೆದಿಲ್ಲ' ಎಂಬಷ್ಟೇ ಇದ್ದಿದ್ದರೂ ಸಾಕಿತ್ತು, ಪಾಳಿಯ ಮುಖ್ಯಸ್ಥ ಆ ಹುಡುಗನನ್ನು ವಾಲ್ವ್ ಬಳಿಗೆ ಬರಿಗೈಯಲ್ಲಿ ಕಳುಹಿಸುವ ಮುನ್ನ ಒಮ್ಮೆ ಯೋಚಿಸುತ್ತಿದ್ದನೇನೋ.

ಇನ್ನು ಪ್ರೋಬ್ ಎಳೆಯುವವರ ವಿಷಯ. ಪರೀಕ್ಷಕರ ಅರ್ಹತೆಗೆ ಐಎಸ್ 13805 ಎಂಬ ಭಾರತೀಯ ಮಾನಕವಿದೆ, ಅಂತರರಾಷ್ಟ್ರೀಯ ಮಾನಕಗಳೂ ಇವೆ, ಹಂತಹಂತದ ಪರೀಕ್ಷೆಗಳಿವೆ. ಪ್ರಮಾಣಪತ್ರ ಹೊಂದಿದ ಹುಡುಗರೂ ಇದ್ದಾರೆ. ಬಹುಪಾಲು ಡಿಪ್ಲೊಮಾ ಮುಗಿಸಿ ಬಂದವರು, ಚುರುಕಾದವರು. ಆದರೆ ಅವರಿಗೆ ಕೆಲಸ ಕೊಡುವ ಗುತ್ತಿಗೆದಾರನಿಗೆ ಹಣ ಬರುವುದು ಕೊಳವೆಯ ಲೆಕ್ಕದಲ್ಲಿ. ಎಷ್ಟು ಬೇಗ ಎಳೆದರೆ ಅಷ್ಟು ಲಾಭ. ಬೆಳಗಿನ ಜಾವ ಮೂರು ಗಂಟೆಗೆ, ನಲವತ್ತು ಡಿಗ್ರಿಯ ಸೆಕೆಯಲ್ಲಿ, ಆರುನೂರನೆಯ ಕೊಳವೆಯ ಗೆರೆಗಳನ್ನು ನೋಡುತ್ತಿರುವ ಹುಡುಗನ ಕಣ್ಣು ಮೊದಲನೆಯ ಕೊಳವೆಗೆ ಇದ್ದಷ್ಟು ಚುರುಕಾಗಿರುತ್ತದೆಂದು ನಂಬಲು ನಾನು ಸಿದ್ಧನಿಲ್ಲ, ಏಕೆಂದರೆ ಆ ಹುಡುಗ ನಾನೇ ಆಗಿದ್ದೆ. ಇಂಡಿಯನ್ ಪಾಯಿಂಟಿನಲ್ಲಿ ದತ್ತಾಂಶ ಓದಿದವರು ಎಸಿ ಕೋಣೆಯಲ್ಲಿ ಕುಳಿತಿದ್ದ ಪರಿಣತರು, ಅವರಿಗೂ ತಪ್ಪಿತು. ಗುಟ್ಟಾಗಿ ದೋಷ ಕೊರೆದ ಒಂದೆರಡು ಕೊಳವೆಗಳನ್ನು ಪರೀಕ್ಷಕರಿಗೆ ತಿಳಿಸದೆ ನಡುವೆ ಸೇರಿಸಿ ಅವರು ಹಿಡಿಯುತ್ತಾರೆಯೇ ನೋಡುವುದು, ಸಂದೇಹವಿರುವ ಒಂದು ಕೊಳವೆಯನ್ನಾದರೂ ಹೊರಗೆಳೆದು ಸೀಳಿ ಸಿಗ್ನಲಿಗೂ ವಾಸ್ತವಕ್ಕೂ ತಾಳೆ ಹಾಕುವುದು, ಇವೆರಡೂ ದುಬಾರಿಯಲ್ಲದ ಕ್ರಮಗಳು. ಟೆಂಡರಿನಲ್ಲಿ ಬರೆದರೆ ಮಾತ್ರ ನಡೆಯುತ್ತವೆ. ಬರೆದದ್ದನ್ನು ನಾನು ನೋಡಿದ್ದು ನನ್ನ ಇಡೀ ವೃತ್ತಿಜೀವನದಲ್ಲಿ ಬೆರಳೆಣಿಕೆಯ ಸಲ.

ಆ ಹೆಲ್ಪರ್ ಹುಡುಗನ ಕೈ ವಾಸಿಯಾಯಿತು, ಬೆರಳುಗಳು ಪೂರ್ತಿ ಮಡಚುವುದಿಲ್ಲ. ಗುತ್ತಿಗೆ ಬದಲಾದಾಗ ಅವನು ಊರಿಗೆ ಹೋದನೆಂದು ಕೇಳಿದೆ. ಮರುವರ್ಷ ಅದೇ ಕಾರ್ಖಾನೆಯಿಂದ ನಮ್ಮ ಸಂಸ್ಥೆಗೆ ಟೆಂಡರ್ ಬಂತು. ತೆರೆದು ನೋಡಿದೆ. ಕೂಲರಿನ ಹೆಸರಿನ ಮುಂದೆ ಎಡ್ಡಿ ಕರೆಂಟ್ ಪರೀಕ್ಷೆ ಎಂದು ಹಳೆಯ ಸಾಲು ಹಾಗೆಯೇ ಇತ್ತು. ಕೊಳವೆಗಳ ಸಂಖ್ಯೆಯನ್ನು ಮಾತ್ರ ಯಾರೋ ಶ್ರದ್ಧೆಯಿಂದ ತಿದ್ದಿದ್ದರು: 840ರ ಬದಲು 817. ಉಳಿದ 23ಕ್ಕೆ ಅಷ್ಟರೊಳಗೆ ಬಿರಡೆ ಬಿದ್ದಿತ್ತು.